ಞಾ ಚಾಙ್, ಫಾನ್ ರಾಙ್: ವಿಯೆಟ್ನಾಂ ಊರುಗಳ ಹೆಸರು ಹೇಳೋದು ಹೇಗೆ?

ಪ್ರಶ್ನೆ (ಹಾಸನ): ಮೇಡಂ, ನೀವು ವಿಯೆಟ್ನಾಮೀಸ್ ದುಭಾಷಿ ಅಂತ ಗುಂಪಿನಲ್ಲಿ ನೋಡಿದೆ. ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಹೋದ ಸಲ ಬಸ್ ಟಿಕೆಟ್ ಕೌಂಟರಿನಲ್ಲಿ ‘ನ್ಹಾ ಟ್ರಾಂಗ್’ (Nha Trang) ಅಂತ ನಾಲ್ಕು ಸಲ ಹೇಳಿದೆ. ಆ ಹುಡುಗಿಗೆ ಅರ್ಥವೇ ಆಗಲಿಲ್ಲ. ಕೊನೆಗೆ ಫೋನಿನಲ್ಲಿ ತೋರಿಸಿದೆ. ಬರೆದಿದ್ದನ್ನೇ ಓದಿದರೂ ಯಾಕೆ ಹೀಗೆ? ಈ ಹೆಸರುಗಳಿಗೆ ಅರ್ಥ ಇದೆಯಾ?

ಉತ್ತರ: ಅಕ್ಷರ ಇಂಗ್ಲಿಷಿನದ್ದು ಅಂದುಕೊಂಡು ಓದುತ್ತೇವೆ, ತೊಂದರೆ ಶುರುವಾಗೋದೇ ಅಲ್ಲಿ. ಆ ಬರವಣಿಗೆಯನ್ನು ಕಟ್ಟಿದವರು 17ನೇ ಶತಮಾನದ ಪಾದ್ರಿಗಳು. ಅದರಲ್ಲಿ ಪೋರ್ಚುಗೀಸ್ ರೂಢಿ ಜಾಸ್ತಿ. ಅವರಲ್ಲೊಬ್ಬರಾದ ಅಲೆಕ್ಸಾಂಡ್ರ್ ದ ರೋಡ್ ಅವರ ನಿಘಂಟು ರೋಮ್‌ನಲ್ಲಿ ಅಚ್ಚಾದದ್ದು 1651ರಲ್ಲಿ. ಪೋರ್ಚುಗೀಸಿನಲ್ಲಿ ‘ಎನ್’ ಮುಂದೆ ‘ಎಚ್’ ಬಂದರೆ ಅದು ನಮ್ಮ ಞ. ಹಾಗಾಗಿ ಅದು ‘ನ್ಹಾ’ ಅಲ್ಲ, ಞಾ.

ಇಂಗ್ಲಿಷನ್ನು ಪಕ್ಕಕ್ಕಿಡಿ, ಕನ್ನಡದ ಕಿವಿ ಇಟ್ಟುಕೊಂಡು ಹೇಳಿ. ಶಾಲೆಯಲ್ಲಿ ‘ಈ ಙ, ಞ ಯಾವುದಕ್ಕೆ ಬೇಕು’ ಅಂತ ಕೇಳಿದ್ದೆವಲ್ವಾ? ಇಲ್ಲಿ ಅವೇ ಬೇಕು. ‘ಅಂಗಡಿ’ ಅನ್ನಲು ಹೊರಟು ಗ ಬರುವ ಮೊದಲೇ ನಿಲ್ಲಿಸಿ. ಕೊನೆಯಲ್ಲಿ ಬರುವ ‘ಎನ್-ಜಿ’ ಅದೇ, ಙ್. ‘ಮಂಜು’ ಅನ್ನುವಾಗ ಜ ಬರುವ ಮೊದಲು ಮೂಗಿನಲ್ಲಿ ಕೇಳುವುದು ಞ. ‘ಟಿ-ಎಚ್’ ಇದ್ದರೆ ನಮ್ಮ ಮಹಾಪ್ರಾಣ ಥ, ಬರೀ ‘ಟಿ’ ಇದ್ದರೆ ತ. ಹಾಗಾಗಿ ಥಾಞ್ ಹ್ವಾ, ತಾಯ್ ನಿಞ್. ಈ ಥ, ತ ವ್ಯತ್ಯಾಸಕ್ಕೆ ಇಂಗ್ಲಿಷಿನವರು ಒದ್ದಾಡುತ್ತಾರೆ, ನಮಗೆ ಅದು ಹುಟ್ಟಿನಿಂದ ಬಂದದ್ದು. ‘ಟಿ-ಆರ್’ ಹನೋಯ್ ಕಡೆ ಚ, ದಕ್ಷಿಣದಲ್ಲಿ ನಾಲಿಗೆ ಮಡಿಸಿ ಟ-ಚ ನಡುವೆ.

‘ಡಿ’ ಮಾತ್ರ ಎಚ್ಚರ. ಅಡ್ಡಗೆರೆ ಇದ್ದರೆ ಡ, ಡಾ ನಙ್‌ನಲ್ಲಿ ಇರುವ ಹಾಗೆ. ಗೆರೆ ಇಲ್ಲದಿದ್ದರೆ ಉತ್ತರದಲ್ಲಿ ಜ಼, ದಕ್ಷಿಣದಲ್ಲಿ ಯ. ಅದಕ್ಕೇ ಅಲ್ಲಿಯ ಹೆಂಗಸರ ಉದ್ದ ಉಡುಪು ಹನೋಯ್‌ನಲ್ಲಿ ಆವ್ ಜ಼ಾಯ್, ಸೈಗಾನ್‌ನಲ್ಲಿ ಆವ್ ಯಾಯ್.

ಪ್ರಶ್ನೆ (ಮಂಗಳೂರು): ರಾಗ ಇದೆಯಂತೆ ಆ ಭಾಷೆಗೆ. ಊರಿನ ಹೆಸರಿಗೂ ಅದು ಬೇಕಾ?

ಉತ್ತರ: ಬೇಕು. ರಾಗ ಅಂದರೆ ದನಿಯ ಏರಿಳಿತ, ಅದು ಬದಲಾದರೆ ಪದದ ಅರ್ಥವೇ ಬದಲು. ಉತ್ತರದಲ್ಲಿ ಆರು ರಾಗ. ಹಳೆಯ ರಾಜಧಾನಿಯನ್ನು ‘ಹ್ಯೂ’ ಅನ್ನುತ್ತಾರೆ ನಮ್ಮವರು, ಅದು ಹ್ವೇ. ಪ್ರಶ್ನೆ ಕೇಳುವಾಗಿನ ಹಾಗೆ ದನಿ ಮೇಲೆ ಹೋಗಬೇಕು. ಅದನ್ನೇ ಕೆಳದನಿಯಲ್ಲಿ ಗಕ್ಕನೆ ಕಡಿದರೆ ಸುಗಂಧರಾಜ ಹೂವು ಆಗುತ್ತದೆ! ಹಾ ನೊಯ್‌ನಲ್ಲಿ ಮೊದಲನೆಯದು ನಿಧಾನಕ್ಕೆ ಇಳಿಯಬೇಕು, ಎರಡನೆಯದನ್ನು ತಳದಲ್ಲೇ ಕಡಿದು ನಿಲ್ಲಿಸಬೇಕು.

ಹಾ ಅಂದರೆ ನದಿ, ನೊಯ್ ಅಂದರೆ ಒಳಗೆ. ನದಿಯ ಒಳಗಿನ ಊರು. ಈ ಹೆಸರಿಟ್ಟವನು ರಾಜ ಮಿಞ್ ಮಾಙ್, 1831ರಲ್ಲಿ. 1010ರಲ್ಲಿ ರಾಜಧಾನಿ ಆದಾಗ ಅದು ಥಙ್ ಲೊಙ್, ಮೇಲೇರುವ ಡ್ರ್ಯಾಗನ್. ಹಾ ಲೊಙ್ ಕೊಲ್ಲಿ ಕೆಳಗಿಳಿಯುವ ಡ್ರ್ಯಾಗನ್ (ಈ ಹಾ ಬೇರೆ ರಾಗದ್ದು, ನದಿಯ ಹಾ ಅಲ್ಲ). ಇವೆಲ್ಲ ಚೀನೀ ಮೂಲದ ಪದಗಳು, ನಮ್ಮಲ್ಲಿ ಊರಿಗೆ ಸಂಸ್ಕೃತದ ಹೆಸರು ಇಟ್ಟ ಹಾಗೆ.

ಪ್ರಶ್ನೆ (ಧಾರವಾಡ): ಫಾನ್ ರಾಙ್ ಅಂದ್ರೆ ಪಾಂಡುರಂಗ ಅಂತ ಮೆಸೇಜ್ ಬಂದಿತ್ತರೀ. ಖರೇನ ಏನು?

ಉತ್ತರ: ಖರೇನೇ! ನನಗೆ ತುಂಬಾ ಇಷ್ಟವಾದ ಹೆಸರು ಇದು. ಮಧ್ಯ ಮತ್ತು ದಕ್ಷಿಣ ಕರಾವಳಿ ಶತಮಾನಗಳ ಕಾಲ ಚಾಮ್ ಜನರದ್ದು, ರಾಜ್ಯದ ಹೆಸರು ಚಂಪಾ. ಅವರ ಶಾಸನಗಳಲ್ಲಿ ಸಂಸ್ಕೃತವೂ ಇದೆ, ಚಾಮ್ ಭಾಷೆಯೂ ಇದೆ. ಅವರ ಸೀಮೆಗಳ ಹೆಸರು ಕೇಳಿ: ಅಮರಾವತಿ, ವಿಜಯ, ಕೌಠಾರ, ಪಾಂಡುರಂಗ. ಚಾಮ್ ಬಾಯಲ್ಲಿ ಪಾಂಡುರಂಗ ಸವೆದು ಪಾನ್‌ರಾಙ್ ಆಯಿತು, ವಿಯೆಟ್ ಬಾಯಲ್ಲಿ ಫಾನ್ ರಾಙ್. ಸೀಮೆಗಳಲ್ಲಿ ಕೊನೆಯವರೆಗೂ ಉಳಿದದ್ದು ಇದೇ. 1832ರಲ್ಲಿ ಅದನ್ನು ನುಂಗಿದವನು ಹನೋಯ್‌ಗೆ ಹೆಸರಿಟ್ಟ ಅದೇ ಮಿಞ್ ಮಾಙ್.

ಪಂಢರಪುರದ ವಿಠ್ಠಲನಿಗೆ ಮಾತ್ರ ಇದನ್ನು ಗಂಟು ಹಾಕಬೇಡಿ. ಅಲ್ಲಿ ಎದ್ದು ಕಾಣುವುದು ಶಿವ. ಊರಿನ ಪಕ್ಕದ ಗುಡ್ಡದ ಮೇಲೆ ಪೋ ಕ್ಲೊಙ್ ಗರಾಯ್ ಅನ್ನುವ ಕೆಂಪು ಇಟ್ಟಿಗೆಯ ಗೋಪುರಗಳಿವೆ, ಒಳಗೆ ಮುಖಲಿಂಗ ಇದೆ. ಚಾಮ್ ಜನ ಇವತ್ತಿಗೂ ಅಲ್ಲಿ ಪೂಜೆ ಮಾಡುತ್ತಾರೆ.

ಞಾ ಚಾಙ್ ಕೂಡ ಚಾಮ್ ಹೆಸರೇ. ಅವರ ‘ಇಯಾ’ ಅಂದರೆ ನೀರು, ಹೊಳೆ. ಜೊಂಡಿನ ಹೊಳೆ ಅಂತ ಅರ್ಥ. ಇಂಥ ಹೆಸರಿಗೆ ಚೀನೀ ಅಕ್ಷರದ ಅರ್ಥ ಹುಡುಕಿ ಫಲವಿಲ್ಲ, ಆ ಅಕ್ಷರಗಳನ್ನು ಬರೀ ದನಿಗಾಗಿ ಬಳಸಿದ್ದರು.

ಪ್ರಶ್ನೆ (ಬೆಂಗಳೂರು): ಡಾ ಲಾತ್ ಲ್ಯಾಟಿನ್ ಹೆಸರು ಅಂತ ಗೈಡ್ ಹೇಳಿದ್ದರು?

ಉತ್ತರ: ಇಲ್ಲ. ‘ಕೆಲವರಿಗೆ ಸಂತೋಷ, ಕೆಲವರಿಗೆ ಹಿತವಾದ ಹವೆ ಕೊಡುತ್ತದೆ’ ಎಂಬ ಲ್ಯಾಟಿನ್ ಸಾಲೊಂದನ್ನು ಫ್ರೆಂಚರು ಆ ಹೆಸರಿನ ಐದು ರೋಮನ್ ಅಕ್ಷರಕ್ಕೆ (D-A-L-A-T), ಅಕ್ಷರಕ್ಕೊಂದು ಪದದಂತೆ, ಹೊಂದಿಸಿದರು. ಹೆಸರು ಅದಕ್ಕಿಂತ ಹಳೆಯದು. ‘ಡಾ’ ಅಲ್ಲಿಯ ಬೆಟ್ಟದ ಜನರ ಮಾತಿನಲ್ಲಿ ನೀರು, ಲಾತ್ ಅನ್ನುವುದು ಒಂದು ಬುಡಕಟ್ಟು. ಲಾತ್ ಜನರ ಹೊಳೆ. ನಮ್ಮ ‘ಬೆಂದಕಾಳೂರು’ ಕಥೆಯೂ ಹೀಗೇ ಅಲ್ವಾ? ಕಥೆಯಲ್ಲಿ ಬರುವ ವೀರಬಲ್ಲಾಳನಿಗಿಂತ ಮೊದಲೇ, 9ನೇ ಶತಮಾನದ ಬೇಗೂರು ಶಾಸನದಲ್ಲಿ ಬೆಂಗಳೂರು ಇದೆ.

ಅದೇ ಬೆಟ್ಟಸೀಮೆಯ ಬುವೊನ್ ಮಾ ಥುವತ್ ಅಂದರೆ ‘ಥುವತ್‌ನ ಅಪ್ಪನ ಹಳ್ಳಿ’. ಅಲ್ಲಿಯ ಎಡೆ ಎಂಬ ಬುಡಕಟ್ಟಿನ ಜನ ಗಂಡಸರನ್ನು ಮಗುವಿನ ಹೆಸರು ಹಿಡಿದು ಕರೆಯುತ್ತಾರೆ. ನಮ್ಮ ಅಜ್ಜಿಯೂ ಅಜ್ಜನನ್ನು ‘ಪುಟ್ಟನ ಅಪ್ಪ’ ಅಂತಲೇ ಕೂಗುತ್ತಿದ್ದರು.

ಪ್ರಶ್ನೆ (ಹಾಸನ): ಮೇಡಂ, ಅಪ್ಪನಿಗೆ ಮೀ ಸನ್ ದೇವಸ್ಥಾನ ನೋಡಲೇಬೇಕಂತೆ. ಅಮ್ಮನ ಕೈಲಿ ‘ಞಾ ಚಾಙ್’ ಹೇಳಿಸಿ ವಾಯ್ಸ್ ಮೆಸೇಜ್ ಹಾಕಿದ್ದೇನೆ, ಕೇಳಿ.

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಅದೂ ಚಾಮ್ ಜನ ಕಟ್ಟಿದ ಹಳೆಯ ದೇವಸ್ಥಾನಗಳ ಜಾಗವೇ. ಮೀ ಸನ್ ಅಂದರೆ ಚಂದದ ಬೆಟ್ಟ. 2020ರಲ್ಲಿ ನಮ್ಮ ಭಾರತದ ಪುರಾತತ್ವ ಇಲಾಖೆಯವರಿಗೆ ಅಲ್ಲಿ 9ನೇ ಶತಮಾನದ ಏಕಶಿಲೆಯ ಶಿವಲಿಂಗ ಸಿಕ್ಕಿತು. ನಕ್ಷೆ ಹಳೆಯದಾದರೆ ಬದಲಿಸಿಕೊಳ್ಳಿ. 2025ರ ಜುಲೈ 1ರಿಂದ 63 ಪ್ರಾಂತ್ಯಗಳು 34 ಆಗಿವೆ, ಮೀ ಸನ್ ಈಗ ಡಾ ನಙ್‌ಗೆ ಸೇರಿದೆ.

ಅಮ್ಮನ ಞಾ ತುಂಬಾ ಚೆನ್ನಾಗಿದೆ. ಎರಡೂ ಒಂದೇ ಮಟ್ಟದ ದನಿಯಲ್ಲಿ ಬಂದಿವೆ, ಹಾಗೇ ಬರಬೇಕು. ಚಾಙ್‌ನ ಕೊನೆಗೆ ಇನ್ನೂ ಚೂರು ‘ಗ್’ ಕೇಳಿಸುತ್ತಿದೆ. ‘ಅಂಗಡಿ’ಯನ್ನು ಅರ್ಧಕ್ಕೆ ನಿಲ್ಲಿಸಿ ಇನ್ನೊಂದು ಸಲ ಹೇಳೋಕೆ ಹೇಳಿ.