ಕಾಬ್ಲರ್ ಮೇಲೆ ಕೆಂಪಗಾಗತ್ತೆ, ಅಡೀಲಿ ಹಿಟ್ಟು ಹಸಿ! ಏನ್ ಮಾಡ್ಲಿ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಪೀಚು, ಪ್ಲಮ್ಮು ಹಾಕಿ ಕಾಬ್ಲರ್ (ಹಣ್ಣಿನ ಮೇಲೆ ಹಿಟ್ಟು ಹಾಕಿ ಓವನ್ನಲ್ಲಿ ಬೇಯಿಸೋ ಸಿಹಿತಿಂಡಿ) ಮಾಡ್ತೀನಿ, ಮೇಲ್ಗಡೆ ಮೈದಾ, ಬೆಣ್ಣೆ, ಹಾಲು, ಬೇಕಿಂಗ್ ಪೌಡರ್ ಕಲಸಿದ ಹಿಟ್ಟು. 190 ಡಿಗ್ರೀಲಿ ಅರ್ಧ ಗಂಟೆ ಇಟ್ರೆ ಮೇಲೆ ಒಳ್ಳೆ ಬಣ್ಣ ಬರತ್ತೆ, ಆದ್ರೆ ಚಮಚ ಹಾಕಿದ್ರೆ ಹಣ್ಣಿಗೆ ತಾಗಿರೋ ಕಡೆ ಹಿಟ್ಟು ಅಂಟಂಟು, ರಸಾನೂ ನೀರು ನೀರು. ಇನ್ನೂ ಜಾಸ್ತಿ ಹೊತ್ತು ಇಟ್ರೆ ಮೇಲೆ ಸೀದುಹೋಗತ್ತೆ. ಕಾರ್ನ್‌ಫ್ಲೋರ್ ಜಾಸ್ತಿ ಹಾಕ್ಲಾ?

ಉತ್ತರ 1:
ನಿಮ್ ಹಿಟ್ಟು ಸರಿಯಾಗೇ ಇದೆ, ಹಣ್ಣು ತಣ್ಣಗಿರೋದೇ ತೊಂದ್ರೆ. ಮೇಲಿಂದ ಓವನ್ ಶಾಖ ಸಿಗತ್ತೆ, ಆದ್ರೆ ಹಿಟ್ಟಿನ ಅಡಿಭಾಗ ಬೇಯೋದು ಹಣ್ಣಿನ ರಸದ ಬಿಸಿಗೆ, ಆ ರಸ ಕಾಯೋಷ್ಟರಲ್ಲಿ ಮೇಲೆ ಕೆಂಪಗಾಗಿ ಮುಗಿದಿರತ್ತೆ. ಅದಕ್ಕೆ ಹಣ್ಣು, ಸಕ್ಕರೆ, ಕಾರ್ನ್‌ಫ್ಲೋರ್, ಸ್ವಲ್ಪ ನಿಂಬೆರಸ ಬೆರೆಸಿ ಬರೀ ಅದನ್ನೇ ಮೊದ್ಲು 15 ನಿಮಿಷ ಓವನ್ನಲ್ಲಿಡಿ, ಅಂಚಲ್ಲಿ ಗುಳ್ಳೆ ಬರೋಕೆ ಶುರುವಾದ್ಮೇಲೆ ಆಚೆ ತೆಗೆದು ಬಿಸಿ ಇರೋವಾಗ್ಲೇ ಹಿಟ್ಟು ಹಾಕಿ. ಹಾಲನ್ನ ಮಾತ್ರ ಆ ಹೊತ್ತಿಗೇ ಸೇರ್ಸಿ, ಯಾಕಂದ್ರೆ ಬೇಕಿಂಗ್ ಪೌಡರ್ ಒದ್ದೆಯಾದ ತಕ್ಷಣ ಕೆಲಸ ಶುರು ಮಾಡತ್ತೆ. ಜಾಸ್ತಿ ನಾದಬೇಡಿ, ಗಟ್ಟಿಯಾಗತ್ತೆ. ಪೂರ್ತಿ ಮುಚ್ಚದೆ ಚಮಚದಲ್ಲಿ ಅಲ್ಲಲ್ಲಿ ಉಂಡೆ ಇಡಿ, ಮಧ್ಯೆ ಜಾಗ ಇದ್ರೆ ಹಬೆ ಹೋಗತ್ತೆ. ಆಮೇಲೆ 25–30 ನಿಮಿಷ ಸಾಕು, ನಡುವಿನ ಒಂದು ಉಂಡೆ ಎತ್ತಿ ಅಡಿ ನೋಡಿ, ಹಸಿ ಇದ್ರೆ ಮೇಲೆ ಫಾಯಿಲ್ ಸಡಿಲವಾಗಿ ಮುಚ್ಚಿ ಇನ್ನೊಂದು ಹತ್ತು ನಿಮಿಷ.

ಉತ್ತರ 2:
ಮೇಲಿನವ್ರು ಹೇಳಿದ್ದು ಸರಿ. ಕಾರ್ನ್‌ಫ್ಲೋರ್ ಮಾತ್ರ ದಯವಿಟ್ಟು ಜಾಸ್ತಿ ಮಾಡ್ಬೇಡಿ, ಒಂದು ಕೆಜಿ ಪೀಚಿಗೆ ಎರಡು ಟೇಬಲ್ ಚಮಚ ಸಾಕು, ಬೆರ್ರಿಗಾದ್ರೆ ಮೂರು. ಅದು ಗಟ್ಟಿಯಾಗ್ಬೇಕು ಅಂದ್ರೆ ರಸ ಕುದಿಯೋ ಮಟ್ಟಕ್ಕೆ ಬರ್ಬೇಕು, ಅಂಚಲ್ಲಷ್ಟೇ ಅಲ್ಲ ನಡುವೇನೂ ಗುಳ್ಳೆ ಕಾಣ್ಬೇಕು, ಇಲ್ದಿದ್ರೆ ಎಷ್ಟು ಹಾಕಿದ್ರೂ ಹಿಟ್ಟಿನ ರುಚಿ ಬರತ್ತೆ ಅಷ್ಟೇ. ಇನ್ನೊಂದು, ಆಚೆ ತೆಗೆದ ತಕ್ಷಣ ಬಡಿಸ್ಬೇಡಿ. ಅರ್ಧ ಗಂಟೆ ಆರಕ್ಕೆ ಬಿಡಿ, ಆರ್ತಾ ಆರ್ತಾನೇ ರಸ ಗಟ್ಟಿಯಾಗೋದು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್, ಹಣ್ಣು ಮೊದ್ಲೇ ಬಿಸಿ ಮಾಡ್ಬೇಕು ಅಂತ ನನ್ ರೆಸಿಪೀಲಿ ಇರ್ಲೇ ಇಲ್ಲ. ಫ್ರೋಜನ್ ಬೆರ್ರಿ, ಸೇಬು ಇವಕ್ಕೂ ಹೀಗೇನಾ?

ಉತ್ತರ 3:
ಫ್ರೋಜನ್ ಆದ್ರೆ ಪೂರ್ತಿ ಕರಗಕ್ಕೆ ಬಿಟ್ಟು ಸೋಸಿ, ಬಂದ ರಸಾನ ಪ್ಯಾನಲ್ಲಿ ಅರ್ಧಕ್ಕೆ ಬತ್ತಿಸಿ ಆರಿದ್ಮೇಲೆ ಹಣ್ಣಿಗೇ ವಾಪಸ್ ಸೇರ್ಸಿ, ರಸಾನ ಚೆಲ್ಬೇಡಿ, ರುಚಿಯೆಲ್ಲಾ ಅದ್ರಲ್ಲೇ ಇರೋದು. ಸೇಬು ನಿಧಾನಕ್ಕೆ ಬೇಯೋ ಹಣ್ಣು, ತೆಳ್ಳಗೆ ಹೆಚ್ಚಿ ಬೆಣ್ಣೇಲಿ ಸ್ವಲ್ಪ ಮೆತ್ತಗಾಗೋ ತನಕ ಬಾಡಿಸ್ಕೊಂಡು ಹಾಕಿ. ಗಾಜಿನ ಟ್ರೇ ಇದ್ರೆ ಹುಷಾರು, ಹಿಟ್ಟು ಹಾಕಕ್ಕೆ ಆಚೆ ತೆಗೆದಾಗ ಒದ್ದೆ ಕಲ್ಲಿನ ಮೇಲೆ ಇಡ್ಬೇಡಿ ಒಡೆಯತ್ತೆ, ಒಣ ಬಟ್ಟೆ ಮಡಚಿ ಅದ್ರ ಮೇಲಿಡಿ.