ಪ್ಲುಟೋನಿಯಂ ಕದಲಬಾರದಿತ್ತು, ಆದರೂ ಮೇಲ್ಮಣ್ಣಿನಲ್ಲಿದೆ: ಲಿಟಲ್ ಫಾರೆಸ್ಟ್ ಕಂದಕಗಳ ಬಗ್ಗೆ ಪ್ರಶ್ನೆ

ಹಸಿಮಣ್ಣು:

ಎಲ್ಲರಿಗೂ ನಮಸ್ಕಾರ. ಸಿಡ್ನಿಯ ದಕ್ಷಿಣ ಅಂಚಿನಲ್ಲಿರುವ ಲಿಟಲ್ ಫಾರೆಸ್ಟ್ ಹೂಳುತಾಣದ ಪ್ರಕಟಿತ ಮಾಹಿತಿ ಇಟ್ಟುಕೊಂಡು ಒಂದು ಸರಳ ಸಾಗಣೆ ಮಾದರಿ (ಹೂತದ್ದು ನೆಲದೊಳಗಿನ ನೀರಿನ ಜೊತೆ ಎಷ್ಟು ದೂರ ಹೋಗುತ್ತದೆಂಬ ಲೆಕ್ಕ) ಕಟ್ಟುತ್ತಿದ್ದೇನೆ. ಆ ಜಾಗ ಗೊತ್ತಿಲ್ಲದವರಿಗೆ: ಲ್ಯೂಕಸ್ ಹೈಟ್ಸ್ ಪರಮಾಣು ಸಂಶೋಧನಾ ಕೇಂದ್ರದ ಕಡಿಮೆ ಮಟ್ಟದ ವಿಕಿರಣಶೀಲ ತ್ಯಾಜ್ಯವನ್ನು 1960ರಿಂದ 1968ರವರೆಗೆ ಅಲ್ಲಿ ಹೂತಿದ್ದಾರೆ. ಒಂದೊಂದು ಕಂದಕ ಸುಮಾರು 25 ಮೀ. ಉದ್ದ, 0.6 ಮೀ. ಅಗಲ, 3 ಮೀ. ಆಳ. ಕಾಂಕ್ರೀಟ್ ಇಲ್ಲ, ಒಳಪದರ ಇಲ್ಲ. ಅಗೆದ ಮಣ್ಣನ್ನೇ ಒಂದು ಮೀಟರಿನಷ್ಟು ಮೇಲೆ ಎಳೆದು ಮುಚ್ಚಿದ್ದಾರೆ. ಸುತ್ತ ಜೇಡಿಮಣ್ಣು ಮತ್ತು ಶೇಲ್, ಅದರ ಕೆಳಗೆ ಮರಳುಕಲ್ಲು.

ನನ್ನ ತೊಡಕು ಇದು. ನೀರಿನ ಜೊತೆಗೇ ಸಾಗುವ ವಿಕಿರಣಶೀಲ ಹೈಡ್ರೋಜನ್ ಆದ ಟ್ರಿಟಿಯಂನ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. ಪ್ಲುಟೋನಿಯಂಗೆ ಕೆ-ಡಿ (ಮಣ್ಣಿಗೆ ಅಂಟಿದ್ದಕ್ಕೂ ನೀರಿನಲ್ಲಿ ಕರಗಿದ್ದಕ್ಕೂ ಇರುವ ಅನುಪಾತ) 1,000 ಮಿ.ಲೀ./ಗ್ರಾಂ, ಮಣ್ಣಿನ ಸಾಂದ್ರತೆ 1.6, ರಂಧ್ರತೆ 0.4 ಹಾಕಿದರೆ ಮಂದಗತಿ ಗುಣಾಂಕ, ಅಂದರೆ ನೀರಿಗಿಂತ ಎಷ್ಟು ಪಟ್ಟು ನಿಧಾನ ಎಂಬ ಸಂಖ್ಯೆ, 4,001 ಬರುತ್ತದೆ. ನೀರು ವರ್ಷಕ್ಕೆ 5 ಮೀ. ಹರಿಯುತ್ತದೆಂದು ಧಾರಾಳವಾಗಿ ಹಿಡಿದರೂ ಪ್ಲುಟೋನಿಯಂ ಹೋಗುವುದು ವರ್ಷಕ್ಕೆ 1.25 ಮಿ.ಮೀ. 55 ವರ್ಷಕ್ಕೆ ಸುಮಾರು 7 ಸೆಂ.ಮೀ. ಆದರೆ ಅಲ್ಲಿ ಕಂದಕದ ನೆತ್ತಿಯ ಮೇಲ್ಮಣ್ಣಿನಲ್ಲೇ ಪ್ಲುಟೋನಿಯಂ, ಅಮೆರಿಸಿಯಂ ಎರಡೂ ಸಿಕ್ಕಿವೆ. ಕೆ-ಡಿಯನ್ನು ಎಷ್ಟು ಇಳಿಸಿದರೂ ಅದು ಮೇಲೆ ಬರುವ ದಾರಿ ಕಾಣುತ್ತಿಲ್ಲ.

ಇನ್ನೊಂದು ಪ್ರಶ್ನೆ: ಇಂಥ ಕಂದಕದ ನೀರನ್ನು ಪರೀಕ್ಷೆಗೆ ತೆಗೆಯುವಾಗ ಎಲ್ಲ ಸಮಸ್ಥಾನಿಗಳಿಗೂ (ಐಸೋಟೋಪ್) ಒಂದೇ ಬಾಟಲಿ ಸಾಕೇ?

ಒರತೆ:

ಕೆ-ಡಿಯನ್ನು ಆಮೇಲೆ ನೋಡೋಣ, ಮೊದಲು ನೀರಿನ ದಾರಿ ಸರಿಮಾಡಿಕೊಳ್ಳಿ. ನಿಮ್ಮ ಮಾದರಿಯಲ್ಲಿ ನೀರು ಕಂದಕದಿಂದ ಪಕ್ಕಕ್ಕೂ ಕೆಳಕ್ಕೂ ಮಾತ್ರ ಹೋಗುತ್ತದೆ. ಲಿಟಲ್ ಫಾರೆಸ್ಟಿನಲ್ಲಿ ಜೋರು ಮಳೆಗೆ ಕಂದಕ ತೊಟ್ಟಿಯ ಹಾಗೆ ತುಂಬಿ, ನೆತ್ತಿಯಿಂದ ಉಕ್ಕುತ್ತದೆ. ಅಗೆದು ಮತ್ತೆ ತುಂಬಿದ ಮಣ್ಣು ಸಡಿಲ. ಒಳಗಿನ ಡ್ರಮ್ಮು ತುಕ್ಕು ಹಿಡಿದು ಕುಸಿದಂತೆ ಮೇಲಿನ ಮುಚ್ಚಳವೂ ತಗ್ಗಾಗಿ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಇಳಿದ ನೀರಿಗೆ ಸುತ್ತಲಿನ ಜೇಡಿ ಹೊರಗೆ ದಾರಿ ಕೊಡುವುದಿಲ್ಲ. ಜೇಡಿಮಣ್ಣು ತಡೆಗೋಡೆ ಎಂದು ಆರಿಸಿದ ಜಾಗವೇ ಹೀಗೆ ತೊಟ್ಟಿಯಾಗಿಬಿಡುತ್ತದೆ. ನ್ಯೂಯಾರ್ಕ್ ರಾಜ್ಯದ ವೆಸ್ಟ್ ವ್ಯಾಲಿಯಲ್ಲೂ ಬಿಗಿ ಜೇಡಿಯೇ. 1975ರಲ್ಲಿ ಅಲ್ಲಿ ಕಂದಕದ ನೀರು ಮುಚ್ಚಳ ದಾಟಿ ಹೊರಬಂದಾಗ ಹೂಳುವುದನ್ನು ನಿಲ್ಲಿಸಿದರು.

ಕೈಲೆಕ್ಕ ಮಾಡಿ ನೋಡಿ. ಕಂದಕದ ನೆತ್ತಿ 25 × 0.6, ಅಂದರೆ 15 ಚ.ಮೀ. ತುಂಬುಮಣ್ಣಿನ ರಂಧ್ರತೆ 0.3 ಎಂದುಕೊಳ್ಳಿ. 100 ಮಿ.ಮೀ. ಮಳೆ ಹನಿಯೂ ಬಿಡದೆ ನೇರ ಒಳಗಿಳಿದರೆ 1.5 ಘನ ಮೀ. ನೀರು, ಕಂದಕದಲ್ಲಿ ಮಟ್ಟ ಏರುವುದು 33 ಸೆಂ.ಮೀ. ನಿಮ್ಮ ದಾಖಲೆಯಲ್ಲಿ ಅದೇ ಮಳೆಗೆ ಒಂದು ಮೀಟರ್ ಏರಿಕೆ ಕಂಡರೆ ಉಳಿದ ನೀರು ಪಕ್ಕದಿಂದ ಬರುತ್ತಿದೆ: ಒಂದೋ ಇಳಿಜಾರಿನ ಮೇಲ್ಹರಿವು, ಇಲ್ಲವೇ ಪಕ್ಕದ ಕಂದಕ. ಇಷ್ಟು ಸಣ್ಣ ತಾಳೆಯಿಂದ ಮುಚ್ಚಳ ದುರಸ್ತಿಯೊಂದೇ ಸಾಕೇ, ಮೇಲ್ಭಾಗದಲ್ಲಿ ಕಾಲುವೆ ತೋಡಿ ನೀರು ತಿರುಗಿಸಬೇಕೇ ಎಂಬುದು ತಿಳಿಯುತ್ತದೆ.

ಅಳೆಯುವ ವಿಧಾನ: ಕಂದಕದೊಳಗೇ ಒಂದು 50 ಮಿ.ಮೀ. ಪಿವಿಸಿ ಪೀಜೋಮೀಟರ್, ಅಂದರೆ ನೀರಿನ ಮಟ್ಟ ಅಳೆಯುವ ಕೊಳವೆ, ಇರಬೇಕು. ಪಕ್ಕದ ಜೇಡಿಯಲ್ಲಿ ಒಂದರಿಂದ ಎರಡು ಮೀಟರ್ ದೂರಕ್ಕೆ ಇನ್ನೆರಡು. ಪ್ರತಿಯೊಂದರಲ್ಲೂ ಒತ್ತಡ ಲಾಗರ್ ಇಳಿಬಿಟ್ಟು 15 ನಿಮಿಷಕ್ಕೊಮ್ಮೆ ದಾಖಲಿಸಿ. ದಿನಕ್ಕೊಂದು ಓದು ತೆಗೆದರೆ ರಾತ್ರಿ ಎರಡು ತಾಸು ಉಕ್ಕಿ ಇಳಿದದ್ದು ಗೊತ್ತೇ ಆಗುವುದಿಲ್ಲ, ಅಷ್ಟರಲ್ಲೇ ಆಗಬೇಕಾದ್ದು ಆಗಿರುತ್ತದೆ. ಗಾಳಿಯ ಒತ್ತಡಕ್ಕೆ ಬೇರೆ ಲಾಗರ್ ಬೇಕೇ ಬೇಕು. 10 ಹೆಕ್ಟೊಪ್ಯಾಸ್ಕಲ್ ವ್ಯತ್ಯಾಸವೆಂದರೆ ನೀರಿನಲ್ಲಿ 10 ಸೆಂ.ಮೀ. ಮಳೆ ಬರುವಾಗಲೇ ವಾಯುಭಾರ ಕುಸಿಯುವುದರಿಂದ, ತಿದ್ದದೆ ಬಿಟ್ಟರೆ ತಪ್ಪು ನೇರವಾಗಿ ನಿಮಗೆ ಬೇಕಾದ ಘಟನೆಯ ಮೇಲೇ ಬೀಳುತ್ತದೆ.

ಸಾಮಾನ್ಯವಾಗಿ ಕೆಡುವುದು ಬೆಂಟೊನೈಟ್ (ನೀರು ಹೀರಿ ಉಬ್ಬುವ ಜೇಡಿ) ಬಿರಡೆ. ಕೊಳವೆಯ ಸುತ್ತ ಅದು ಸರಿಯಾಗಿ ಉಬ್ಬದಿದ್ದರೆ ಮಳೆನೀರು ಕೊಳವೆಯ ಹೊರಮೈಗುಂಟ ಜಾರಿ, ನೀರು ಒಳಬರಲೆಂದಿಟ್ಟ ಜಾಲರಿಯವರೆಗೆ ಇಳಿಯುತ್ತದೆ. ಆಗ ಕಂದಕ ತುಂಬಿದಂತೆ ಕಾಣುವುದು ನಿಮ್ಮದೇ ರಂಧ್ರ ತುಂಬಿದ್ದು. ಮಟ್ಟ ಏರಿದಾಗ ವಿದ್ಯುತ್ ವಾಹಕತೆಯನ್ನೂ ನೋಡಿ. ಏರಿಕೆಯ ಜೊತೆಗೇ ಅದು ಮಳೆನೀರಿನ ಮಟ್ಟಕ್ಕೆ ಕುಸಿದರೆ ಬಿರಡೆಯನ್ನು ಅನುಮಾನಿಸಿ. ಸಿಮೆಂಟ್ ಗಾರೆಯನ್ನು ಜಾಲರಿಯ ಹತ್ತಿರಕ್ಕೂ ತರಬೇಡಿ. ಪಿಎಚ್ 11 ದಾಟಿದರೆ ಆ ಬಾವಿಯ ರಸಾಯನಶಾಸ್ತ್ರ ಮುಗಿದ ಹಾಗೆ.

ಕಲಿಲಕಣ:

ಒರತೆಯವರು ದಾರಿ ಹೇಳಿದರು. ಆ ದಾರಿಯಲ್ಲಿ ಪ್ಲುಟೋನಿಯಂ ಹೇಗೆ ಸವಾರಿ ಮಾಡುತ್ತದೆ ಎನ್ನುವುದನ್ನು ಸೇರಿಸುತ್ತೇನೆ.

ಲಿಟಲ್ ಫಾರೆಸ್ಟ್ ಕಂದಕದ ನೀರಿನ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನೀರಿನಲ್ಲಿದ್ದ ಪ್ಲುಟೋನಿಯಂನ ಶೇ. 97.7, ಅಮೆರಿಸಿಯಂನ ಶೇ. 86.8 ಭಾಗ ಮೈಕ್ರಾನ್‌ಗಿಂತ ಸಣ್ಣ ಕಲಿಲ ಕಣಗಳಿಗೆ (ನೀರಿನಲ್ಲಿ ತೇಲುತ್ತಲೇ ಇರುವ ಅತಿಸೂಕ್ಷ್ಮ ಕಣಗಳಿಗೆ) ಅಂಟಿಕೊಂಡಿದ್ದವು. ಕೆ-ಡಿ ಸಮೀಕರಣಕ್ಕೆ ಎರಡೇ ಮನೆ ಗೊತ್ತು: ಒಂದೋ ನೀರಿನಲ್ಲಿ ಕರಗಿರಬೇಕು, ಇಲ್ಲವೇ ಕದಲದ ಮಣ್ಣಿಗೆ ಅಂಟಿರಬೇಕು. ನೀರಿನ ಜೊತೆ ತೇಲುವ ಮಣ್ಣು ಎಂಬ ಮೂರನೇ ಮನೆ ಅದರಲ್ಲಿಲ್ಲ. ಹೀರಿಕೆ ಹೆಚ್ಚಿದಷ್ಟೂ ಪ್ಲುಟೋನಿಯಂ ಆ ತೇಲುವ ಕಣಕ್ಕೂ ಗಟ್ಟಿಯಾಗಿ ಅಂಟುತ್ತದೆ. ಹಾಗಾಗಿ ಕೆ-ಡಿಯನ್ನು ಇಳಿಸುತ್ತಾ ಹೋಗುವುದು ಸರಿಯಾದ ದಾರಿಯಲ್ಲ. ಮಾದರಿಗೆ ಕಲಿಲವನ್ನು ಪ್ರತ್ಯೇಕ ಚಲನಶೀಲ ಅಂಶವಾಗಿ ಸೇರಿಸಿ, ಅದಕ್ಕೆ ಮಣ್ಣಿನಲ್ಲಿ ಸೋಸಿಹೋಗುವ ದರ ಕೊಡಿ.

ಇನ್ನೊಂದು ಪಾತ್ರಧಾರಿ ಕಬ್ಬಿಣ. ಕಂದಕ ತುಂಬಿ ನಿಂತಾಗ ಒಳಗಿನ ಕೊಳೆಯುವ ವಸ್ತುವಿನಿಂದ ಆಮ್ಲಜನಕ ಮುಗಿದು, ಸೂಕ್ಷ್ಮಾಣುಗಳು ಫೆರಿಕ್ ಕಬ್ಬಿಣವನ್ನು ಫೆರಸ್ ಮಾಡುತ್ತವೆ. ಅದಕ್ಕೆ ಅಂಟಿದ್ದೆಲ್ಲ ಬಿಡುಗಡೆಯಾಗುತ್ತದೆ. ಮಳೆ ಆಮ್ಲಜನಕ ತಂದರೆ ಅದೇ ಕಬ್ಬಿಣ ಮತ್ತೆ ತುಕ್ಕಿನ ಬಣ್ಣದ ಸಣ್ಣ ಕಣವಾಗಿ ಹೆಪ್ಪುಗಟ್ಟಿ ಪ್ಲುಟೋನಿಯಂ, ಅಮೆರಿಸಿಯಂಗಳನ್ನು ಹಿಡಿದುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಗಾಳಿ ತಾಗಿದ ಶುದ್ಧ ನೀರಿನಲ್ಲಿ ಅಳೆದ ಕೆ-ಡಿ ಈ ಎರಡು ಸ್ಥಿತಿಯಲ್ಲಿ ಯಾವುದಕ್ಕೂ ಸೇರಿದ್ದಲ್ಲ.

ಪ್ಲುಟೋನಿಯಂ ಎಲ್ಲ ಕಡೆ ಹೀಗೇ ಸಾಗುತ್ತದೆಂದು ಮಾತ್ರ ಹಿಡಿಯಬೇಡಿ. ಅಮೆರಿಕದ ಕೆಂಟಕಿಯ ಮ್ಯಾಕ್ಸಿ ಫ್ಲಾಟ್ಸ್‌ನಲ್ಲಿ 1963ರಿಂದ 1977ರವರೆಗೆ ಹೂತ ಕಂದಕಗಳ ನೀರಿನಲ್ಲಿ ಪ್ಲುಟೋನಿಯಂ, ಲೋಹವನ್ನು ಹಿಡಿದು ನೀರಿನಲ್ಲೇ ಕರಗಿಸಿಡುವ ಇಡಿಟಿಎ ಎಂಬ ರಾಸಾಯನಿಕದ ಜೊತೆ ಸಂಕೀರ್ಣವಾಗಿ ಕರಗಿತ್ತು. ಉಪಕರಣ ತೊಳೆಯಲು ಬಳಸಿದ ರಾಸಾಯನಿಕವನ್ನೂ ತ್ಯಾಜ್ಯದ ಜೊತೆಗೇ ಹೂಳಿದ್ದರ ಫಲ ಅದು. ಅಮೆರಿಕದ ಪರಮಾಣು ಸಂಶೋಧನಾ ಕೇಂದ್ರವಾದ ಓಕ್ ರಿಡ್ಜ್‌ನಲ್ಲಿ ಕೋಬಾಲ್ಟ್-60 ಸಾಗಿದ್ದಕ್ಕೂ ಇಡಿಟಿಎ ಕಾರಣವೆಂದು 1978ರಲ್ಲೇ ತೋರಿಸಿದ್ದಾರೆ. ಆದ್ದರಿಂದ ಹೂತ ವಸ್ತುಗಳ ಹಳೆಯ ಪಟ್ಟಿ ಸಿಕ್ಕರೆ ವಿಕಿರಣದ ಕಲಂ ಮಾತ್ರ ಓದಬೇಡಿ, ಮಾರ್ಜಕ, ದ್ರಾವಕಗಳ ಸಾಲನ್ನೂ ಓದಿ.

ಬೀಟಾಎಣಿಕೆ:

ಬಾಟಲಿ ಪ್ರಶ್ನೆಗೆ ಉತ್ತರ: ಸಾಲದು. ಕನಿಷ್ಠ ಮೂರು ಬೇಕು.

ಮೊದಲು ನೀರೆಳೆಯುವ ಕ್ರಮ. ಬೇಲರ್ (ಹಗ್ಗಕ್ಕೆ ಕಟ್ಟಿ ನೀರು ಮೊಗೆಯುವ ಕೊಳವೆ) ಇಳಿಬಿಟ್ಟು ಕದಡಬೇಡಿ. ಕೊಳವೆಯನ್ನು ಹಿಂಡಿ ನಿಧಾನವಾಗಿ ನೀರೆಳೆಯುವ ಪೆರಿಸ್ಟಾಲ್ಟಿಕ್ ಪಂಪಿನಲ್ಲಿ ನಿಮಿಷಕ್ಕೆ 100ರಿಂದ 500 ಮಿ.ಲೀ. ಎಳೆಯಿರಿ, ಬಾವಿಯ ಮಟ್ಟ 10 ಸೆಂ.ಮೀ.ಗಿಂತ ಹೆಚ್ಚು ಇಳಿಯದಿರಲಿ. ಗಾಳಿ ತಾಗದ ಹರಿವು ಕೋಶದಲ್ಲಿ ಪಿಎಚ್ 0.1ರೊಳಗೆ, ವಾಹಕತೆ ಶೇ. 3ರೊಳಗೆ, ರೆಡಾಕ್ಸ್ (ಉತ್ಕರ್ಷಣ-ಅಪಕರ್ಷಣ ವಿಭವ) 10 ಮಿಲಿವೋಲ್ಟ್‌ನೊಳಗೆ ಸತತ ಮೂರು ಓದಿನಲ್ಲಿ ನಿಂತ ಮೇಲೆ ತುಂಬಿಸಿ. ಜೋರಾಗಿ ಎಳೆದರೆ ಬಾವಿಯ ಗೋಡೆಯ ಜೇಡಿ ಕಿತ್ತುಬಂದು, ಇಲ್ಲದ ಕಲಿಲವನ್ನು ನೀವೇ ಹುಟ್ಟಿಸಿದಂತಾಗುತ್ತದೆ. ಜೇಡಿಮಣ್ಣಿನ ಬಾವಿಗಳು ಎಷ್ಟೋ ಸಲ ಈ ದರವನ್ನೂ ತಡೆಯುವುದಿಲ್ಲ. ಅಲ್ಲಿ ಮಟ್ಟ ಇಳಿದದ್ದನ್ನು ಬರೆದಿಟ್ಟು ಮುಂದುವರಿಯಬೇಕಷ್ಟೆ.

ಟ್ರಿಟಿಯಂ ಬಾಟಲಿ: ಆಮ್ಲ ಹಾಕಬಾರದು, ಸೋಸುವ ಅಗತ್ಯವೂ ಇಲ್ಲ. ಕುತ್ತಿಗೆವರೆಗೆ ತುಂಬಿಸಿ ಬಿಗಿಯಾಗಿ ಮುಚ್ಚಿ. ಲ್ಯಾಬಿನಲ್ಲಿ 100 ಮಿ.ಲೀ.ಗೆ ಅರ್ಧ ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್, 0.1 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಸೇರಿಸಿ ಬಟ್ಟಿ ಇಳಿಸಿ. ಮೊದಲ 10 ಮಿ.ಲೀ. ಚೆಲ್ಲಿ, ಮುಂದಿನ 50 ಮಿ.ಲೀ. ಹಿಡಿಯಿರಿ. ಬಟ್ಟಿ ಇಳಿಸದೆ ಎಣಿಸಿದರೆ ಸ್ಟ್ರಾಂಷಿಯಂ-90, ಕಾರ್ಬನ್-14ರ ಬೀಟಾ ಕಣಗಳು ಟ್ರಿಟಿಯಂನ 18.6 ಕೆಇವಿ ಶಕ್ತಿಯ ಎಣಿಕೆ ಕಿಟಕಿಗೆ ನುಗ್ಗುತ್ತವೆ. ಕಾಕ್‌ಟೇಲ್ (ಬೀಟಾ ಕಣ ತಾಗಿದರೆ ಮಿನುಗುವ ದ್ರವ) ಬೆರೆಸಿದ ಸೀಸೆಗಳನ್ನು ಒಂದು ರಾತ್ರಿ ಕತ್ತಲಲ್ಲಿಟ್ಟು ಎಣಿಸಿ. ಹಾಗೆ ಮಾಡದಿದ್ದರೆ ಬೆಳಕಿನಿಂದಾದ ಮಿನುಗನ್ನೂ ಯಂತ್ರ ಟ್ರಿಟಿಯಂ ಎಂದೇ ಎಣಿಸುತ್ತದೆ. ನೆನಪಿರಲಿ, 12.3 ವರ್ಷದ ಅರ್ಧಾಯುಷ್ಯಕ್ಕೆ 1968ರ ಟ್ರಿಟಿಯಂನಲ್ಲಿ ಈಗ ಉಳಿದಿರುವುದು ಶೇ. 4ರ ಆಸುಪಾಸು. ಹಳೆಯ, ಹೊಸ ಅಳತೆಗಳನ್ನು ಹೋಲಿಸುವ ಮುನ್ನ ಒಂದೇ ದಿನಾಂಕಕ್ಕೆ ತಿದ್ದಿಕೊಳ್ಳಿ. ಕ್ಷಯವನ್ನೇ ಮಾಲಿನ್ಯ ತಗ್ಗಿತೆಂದು ಓದುವ ತಪ್ಪು ಬಹಳ ಸುಲಭ.

ಸೋಸಿದ ಬಾಟಲಿ: ಪಂಪಿನ ಕೊಳವೆಗೇ 0.45 ಮೈಕ್ರಾನ್ ಫಿಲ್ಟರ್ ಜೋಡಿಸಿ, ಆಮೇಲೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಈ ಕ್ರಮ ತಿರುಗುಮುರುಗಾದರೆ ಕಲಿಲವೆಲ್ಲ ಆಮ್ಲದಲ್ಲಿ ಕರಗಿ, ಕರಗಿದ ಪ್ಲುಟೋನಿಯಂ ಲೆಕ್ಕಕ್ಕೆ ಹೋಗುತ್ತದೆ. ತಡಮಾಡಿದರೂ ಕಷ್ಟ: ಬಾವಿಯಿಂದ ಬಂದಾಗ ತಿಳಿಯಾಗಿದ್ದ ನೀರು ಕಣ್ಣೆದುರೇ ಮೊದಲು ಹಾಲುಬಣ್ಣಕ್ಕೆ, ಆಮೇಲೆ ಕಾವಿ ಬಣ್ಣಕ್ಕೆ ತಿರುಗುತ್ತದೆ, ಬಾಟಲಿಯ ತಳದಲ್ಲಿ ತುಕ್ಕಿನ ಗಸಿ ಕೂರುತ್ತದೆ. ಪ್ಲುಟೋನಿಯಂ ಆ ಗಸಿಯಲ್ಲೇ ಇರುತ್ತದೆ. ಆಮೇಲೆ ಸೋಸಿದರೆ ಫಿಲ್ಟರಿನಲ್ಲಿ ಉಳಿದು, ನೀರು ಶುದ್ಧವೆಂಬ ಸುಳ್ಳು ಫಲಿತಾಂಶ ಬರುತ್ತದೆ. 0.45 ಮೈಕ್ರಾನ್ ದಾಟಿದ್ದೆಲ್ಲ ಕರಗಿದ್ದು ಎಂದು ಬರೆಯುವುದೂ ತಪ್ಪು. ಸಣ್ಣ ಕಲಿಲ ಅದನ್ನು ಸಲೀಸಾಗಿ ದಾಟುತ್ತದೆ, ಬೇರ್ಪಡಿಸಲು 10 ಕಿಲೋಡಾಲ್ಟನ್ ಅಲ್ಟ್ರಾಫಿಲ್ಟರ್ (ಇನ್ನೂ ಬಹಳ ಸಣ್ಣ ರಂಧ್ರದ ಸೋಸುಪೊರೆ) ಬೇಕು.

ಸೋಸದ ಬಾಟಲಿ: ಒಟ್ಟು ಪ್ಲುಟೋನಿಯಂಗೆ. ಪ್ಲುಟೋನಿಯಂ-242 ಟ್ರೇಸರನ್ನು (ನಷ್ಟ ಎಷ್ಟೆಂದು ತಿಳಿಯಲು ಬೆರೆಸುವ, ಅಳೆದಿಟ್ಟ ಪ್ರಮಾಣ) ಮೊದಲೇ ಹಾಕಿ, ಆಮ್ಲದಲ್ಲಿ ಪೂರ್ತಿ ಕರಗಿಸಿ, 8 ಮೋಲಾರ್ ನೈಟ್ರಿಕ್ ಆಮ್ಲದಲ್ಲಿ ಪ್ಲುಟೋನಿಯಂ ಹಿಡಿದಿಡುವ ಆನಯಾನ್ ರಾಳದ ಮೂಲಕ ಹರಿಸಿ. ಗಟ್ಟಿ ಆಕ್ಸೈಡ್ ಕಣಗಳಿದ್ದರೆ ಹೈಡ್ರೋಫ್ಲೋರಿಕ್ ಆಮ್ಲವಿಲ್ಲದೆ ಕರಗುವುದಿಲ್ಲ. ಆಗ ಟ್ರೇಸರ್ ಪೂರ್ತಿ ವಾಪಸಾದರೂ ನೀರಿನ ಮಾದರಿಯ ಪ್ಲುಟೋನಿಯಂ ಹಿಂದೆಯೇ ಉಳಿದಿರುತ್ತದೆ. ಅಮೆರಿಸಿಯಂ ಚೂರು ಉಳಿದರೂ ಅಪಾಯ: ಅದರ ಆಲ್ಫಾ ಕಣದ ಶಕ್ತಿ 5.49 ಎಂಇವಿ, ಪ್ಲುಟೋನಿಯಂ-238ರದ್ದು 5.50. ಎರಡೂ ಒಂದೇ ಶಿಖರವಾಗಿ ಕಾಣುತ್ತವೆ.

ಹಸಿಮಣ್ಣು:

ತುಂಬಾ ಉಪಕಾರವಾಯಿತು. ಒಂದು ಅನುಮಾನ ಉಳಿದಿದೆ. ಮೇಲ್ಮಣ್ಣಿನದು ಉಕ್ಕಿ ಬಂದದ್ದೋ, ಹೂಳುವಾಗಲೇ ಚೆಲ್ಲಿದ್ದೋ, ಅಥವಾ ಬಾಂಬ್ ಪರೀಕ್ಷೆಗಳ ಉದುರಿಕೆಯೋ ಎಂದು ಬೇರ್ಪಡಿಸುವುದು ಹೇಗೆ? ಹಾಗೆಯೇ ನಮ್ಮ ಕೈಗಾದಂಥ ಕಡೆ ಈ ತೊಟ್ಟಿಯ ತೊಂದರೆ ಬರಬಹುದೇ?

ಬೀಟಾಎಣಿಕೆ:

ಉದುರಿಕೆಗೆ ಪ್ಲುಟೋನಿಯಂ-240 ಮತ್ತು 239ರ ಪರಮಾಣು ಅನುಪಾತ ನೋಡಬೇಕು. ಆಲ್ಫಾ ಎಣಿಕೆಯಲ್ಲಿ ಇವೆರಡೂ ಬೇರೆಯಾಗಿ ಕಾಣುವುದಿಲ್ಲ, ದ್ರವ್ಯರಾಶಿ ಮಾಪಕವೇ ಬೇಕು. ಜಾಗತಿಕ ಉದುರಿಕೆಯಲ್ಲಿ ಇದು ಸುಮಾರು 0.18. ಆದರೆ ಆಸ್ಟ್ರೇಲಿಯಾದಲ್ಲಿ ಪುಸ್ತಕದ ಸಂಖ್ಯೆ ನಂಬಬೇಡಿ. ಮರಾಲಿಂಗದಲ್ಲಿ ಬ್ರಿಟಿಷರು ನಡೆಸಿದ ಪರೀಕ್ಷೆಗಳ ನೆರಳು ಅಲ್ಲಿದೆ. 1964ರಲ್ಲಿ ಉರಿದುಹೋದ ಅಮೆರಿಕದ ಉಪಗ್ರಹದ ವಿದ್ಯುತ್ ಮೂಲದಿಂದ ದಕ್ಷಿಣ ಗೋಳಾರ್ಧದಲ್ಲಿ ಪ್ಲುಟೋನಿಯಂ-238ರ ಪಾಲೂ ಹೆಚ್ಚಿದೆ. ಕೆಲವು ಕಿಲೋಮೀಟರ್ ದೂರದ, ಎಂದೂ ಅಗೆಯದ ಮಣ್ಣನ್ನು ತಂದು ಹೋಲಿಕೆಯ ಮಟ್ಟ ನೀವೇ ಕಟ್ಟಿಕೊಳ್ಳಿ.

ಒರತೆ:

ಚೆಲ್ಲಿದ್ದೋ ಉಕ್ಕಿದ್ದೋ ಎನ್ನುವುದಕ್ಕೆ ನೆಲದ ಮೇಲಿನ ವಿನ್ಯಾಸ ನೋಡಿ. ಚೆಲ್ಲಿದ್ದು ಅಲ್ಲಲ್ಲಿ ತೇಪೆಯಾಗಿ, ಲಾರಿ ನಿಲ್ಲುವ ಕಡೆ ಇರುತ್ತದೆ. ಉಕ್ಕಿದ್ದು ಕಂದಕದ ಗೆರೆಗುಂಟ ಇದ್ದು ಇಳಿಜಾರಿನ ಕಡೆಗೆ ತೆಳುವಾಗುತ್ತಾ ಹೋಗುತ್ತದೆ. ಕಂದಕಕ್ಕೆ ಅಡ್ಡಲಾಗಿ ಸಾಲು ಹಿಡಿದು ಅರ್ಧರ್ಧ ಮೀಟರಿಗೆ ಒಂದರಂತೆ ತೆಗೆಯಿರಿ, 0–2, 2–5, 5–10, 10–20 ಸೆಂ.ಮೀ. ಪದರಗಳನ್ನು ಬೇರೆಬೇರೆ ಇಡಿ. ಅಗೆಯುವಾಗ ಆಳದ ಪದರದಿಂದ ಮೇಲಕ್ಕೆ ಬಾರದೆ, ಮೇಲಿನದನ್ನು ಪೂರ್ತಿ ಎತ್ತಿದ ಮೇಲೆ ಕೆಳಗಿನದಕ್ಕೆ ಕೈಹಾಕಿ, ಪ್ರತಿ ಪದರಕ್ಕೂ ಕರಣೆ ತೊಳೆಯಿರಿ. ಮೇಲಿನ ಚಿಟಿಕೆ ಮಣ್ಣು ಕೆಳಕ್ಕೆ ಬಿದ್ದರೂ ಇಲ್ಲದ ಇಳಿಕೆ ಕಾಣುತ್ತದೆ. ಬಣ್ಣವನ್ನೂ ಬರೆದಿಡಿ: ಉಕ್ಕು ಬರುವ ಕಡೆ ಬೇರುಗಳ ಸುತ್ತ ಕಿತ್ತಳೆ ತುಕ್ಕಿನ ಪೊರೆ ಇರುವ ಸಾಧ್ಯತೆ ಹೆಚ್ಚು.

ಕೈಗಾದ ವಿಷಯ ಬೇರೆ. ನಮ್ಮಲ್ಲಿ ವಿಕಿರಣದ ಮಟ್ಟ ನೋಡಿ ಕಲ್ಲು ಕಟ್ಟಿದ ಮಣ್ಣಿನ ಕಂದಕ, ಬಲವರ್ಧಿತ ಕಾಂಕ್ರೀಟ್ ಕಂದಕ, ಟೈಲ್ ಹೋಲ್ (ನೆಲದಲ್ಲಿ ನೆಟ್ಟಗೆ ಇಳಿಸಿದ ಕೊಳವೆಗುಂಡಿ) ಎಂದು ವಿಂಗಡಿಸುತ್ತಾರೆ, ಸುತ್ತ ಕೊಳವೆಬಾವಿ ಹಾಕಿ ನಿಗಾ ಇಡುತ್ತಾರೆ. ಬರಿಮಣ್ಣಿನ ಗುಂಡಿಗೂ ಅದಕ್ಕೂ ಹೋಲಿಕೆ ಸಲ್ಲದು. ಆದರೆ ಪಶ್ಚಿಮ ಘಟ್ಟದ ಮುಂಗಾರು ಸಿಡ್ನಿಯ ಮಳೆಗಿಂತ ಬಹಳ ದೊಡ್ಡದು, ಭಾರಜಲ ರಿಯಾಕ್ಟರ್ ಆದ್ದರಿಂದ ಟ್ರಿಟಿಯಂ ಅಲ್ಲಿ ಸಹಜವಾಗಿ ಮೊದಲ ಸೂಚಕ. ಕಾಂಕ್ರೀಟ್ ಕಂದಕದಲ್ಲೂ ಕೇಳಬೇಕಾದ್ದು ಅದೇ ಪ್ರಶ್ನೆ: ಮುಚ್ಚಳದ ಜೋಡಣೆಯಲ್ಲಿ ಇಳಿದ ನೀರು ಎಲ್ಲಿ ನಿಲ್ಲುತ್ತದೆ, ಅದನ್ನು ಎಲ್ಲಿಂದ ನೋಡಬಹುದು? ತಪಾಸಣಾ ಕೊಳವೆ ಕಂದಕದ ತಳದವರೆಗೆ ಇಳಿದಿರಬೇಕು, ಜೂನ್ ಮೊದಲ ವಾರ ಮತ್ತು ಅಕ್ಟೋಬರ್ ಕೊನೆ ಎರಡರಲ್ಲೂ ಅದರ ಮಟ್ಟ ದಾಖಲಾಗಿರಬೇಕು.