ಸಹಾಯ ಬೇಕು: ಶಿವರಾತ್ರಿಯ ನಿಶೀಥ ಕಾಲದ ಪೂಜೆ ಯಾವ ಯಾಮಕ್ಕೆ ಸೇರುತ್ತದೆ?

ಎಲ್ಲರಿಗೂ ನಮಸ್ಕಾರ. ಮಾಘ ಬಹುಳ ಚತುರ್ದಶಿಯ ಮಹಾಶಿವರಾತ್ರಿಯಂದು ಉಪವಾಸ, ಜಾಗರಣೆಯೊಂದಿಗೆ ನಾಲ್ಕು ಯಾಮಗಳ ಪೂಜೆಯನ್ನೂ ಮನೆಯಲ್ಲಿಯೇ ನೆರವೇರಿಸಬೇಕೆಂದಿದ್ದೇವೆ. ಮೊದಲ ಯಾಮಕ್ಕೆ ಹಾಲು, ಎರಡನೆಯದಕ್ಕೆ ಮೊಸರು, ಮೂರನೆಯದಕ್ಕೆ ತುಪ್ಪ, ನಾಲ್ಕನೆಯದಕ್ಕೆ ಜೇನುತುಪ್ಪದ ಅಭಿಷೇಕ ಎಂಬ ಕ್ರಮವನ್ನು ಅನುಸರಿಸುತ್ತೇವೆ, ಇದರಲ್ಲಿ ಗೊಂದಲವಿಲ್ಲ.

ತೊಡಕಿರುವುದು ನಡುರಾತ್ರಿಯಲ್ಲಿ. ಸೂರ್ಯಾಸ್ತದಿಂದ ಮರುದಿನದ ಸೂರ್ಯೋದಯದವರೆಗಿನ ಕಾಲವನ್ನು 4 ಭಾಗ ಮಾಡಿದರೆ ಯಾಮಗಳೂ, 15 ಭಾಗ ಮಾಡಿದರೆ ಮುಹೂರ್ತಗಳೂ ದೊರೆಯುತ್ತವೆ. ಅವುಗಳಲ್ಲಿ 8ನೆಯ ಮುಹೂರ್ತವೇ ನಿಶೀಥ. ರಾತ್ರಿಯನ್ನು 12 ಗಂಟೆಯೆಂದು ಹಿಡಿದರೆ ನಿಶೀಥವು 48 ನಿಮಿಷಗಳಾಗಿ, ಮೊದಲ 24 ನಿಮಿಷಗಳು ಎರಡನೆಯ ಯಾಮದಲ್ಲಿಯೂ ಉಳಿದ 24 ನಿಮಿಷಗಳು ಮೂರನೆಯ ಯಾಮದಲ್ಲಿಯೂ ಬೀಳುತ್ತವೆ. ಪಂಚಾಂಗದಲ್ಲಿ ನಿಶೀಥದ ವೇಳೆಯೇನೋ ಸ್ಪಷ್ಟವಾಗಿದೆ, ಆದರೆ ಅದನ್ನು ಯಾಮಪೂಜೆಯೊಡನೆ ಹೊಂದಿಸುವ ಬಗೆ ಅಲ್ಲಿಲ್ಲ. ವಿಚಾರಿಸಿದ ಪುರೋಹಿತರಲ್ಲಿ ಒಬ್ಬರು ನಿಶೀಥದ ಪೂಜೆಯನ್ನು ಲಿಂಗೋದ್ಭವ ಕಾಲದ (ಶಿವನು ಲಿಂಗರೂಪದಲ್ಲಿ ಪ್ರಕಟನಾದನೆನ್ನುವ ವೇಳೆಯ) ಪ್ರತ್ಯೇಕ ಪೂಜೆಯಾಗಿ ಮಾಡಬೇಕೆಂದರೆ, ಇನ್ನೊಬ್ಬರು ಮೂರನೆಯ ಯಾಮದ ಪೂಜೆಯನ್ನೇ ಆ ವೇಳೆಗೆ ಆರಂಭಿಸಿದರೆ ಸಾಕೆಂದರು. ಇಬ್ಬರೂ ತಿಳಿದವರೇ ಆದ್ದರಿಂದ ಒಬ್ಬರ ಮಾತನ್ನು ಬದಿಗಿಡಲು ಮನಸ್ಸು ಬರುತ್ತಿಲ್ಲ.

ರುದ್ರಾಭಿಷೇಕದ ವೇದಮಂತ್ರಗಳಾದ ನಮಕ-ಚಮಕಗಳ ಪಾರಾಯಣಕ್ಕೆ ಸಾಕಷ್ಟು ಸಮಯ ಬೇಕಾಗುವುದರಿಂದ ಇದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕಾಗಿದೆ. ನಾಲ್ಕು ಯಾಮಗಳ ಪೂಜೆಯನ್ನು ಮಾಡುವವರು ನಿಶೀಥದಲ್ಲಿ ಬೇರೆ ಸಂಕಲ್ಪದೊಂದಿಗೆ ಐದನೆಯ ಪೂಜೆ ಮಾಡಬೇಕೇ, ಅಥವಾ ಎರಡನೆಯ ಇಲ್ಲವೇ ಮೂರನೆಯ ಯಾಮದ ಪೂಜೆಯಲ್ಲಿಯೇ ಅದು ಅಡಗುತ್ತದೆಯೇ? ಪ್ರತ್ಯೇಕವಾಗಿ ಮಾಡುವುದಾದರೆ ಅಭಿಷೇಕಕ್ಕೆ ಯಾವ ದ್ರವ್ಯವನ್ನು ಬಳಸಬೇಕು? ನಿಮ್ಮ ಮನೆತನದಲ್ಲಿ ನಡೆದುಬಂದ ಪದ್ಧತಿಯನ್ನು, ತಿಳಿದಿದ್ದರೆ ಅದರ ಆಧಾರವನ್ನೂ, ದಯವಿಟ್ಟು ತಿಳಿಸಿ.